ಒಂದೇ ಬೆರಳಿಟ್ಟು ತೋರಿಸಿ: ಪಿರಿಫಾರ್ಮಿಸ್ ನೋವನ್ನು ಗುರುತಿಸುವ ಬಗೆ

ನಮ್ಮ ಕಡೆ ಹಿಂಬದಿಯಲ್ಲಿ, ಪಕ್ಕೆಲುಬಿನ ಕೆಳಗೆ ಮತ್ತು ಮೊಣಕಾಲಿನ ಮೇಲೆ ಎಲ್ಲಿ ನೋವು ಬಂದರೂ ಅದಕ್ಕೆ ಇರುವ ಹೆಸರು ಒಂದೇ: ಸೊಂಟ ನೋವು. ಕುಂಡಿ ಎಂಬ ಮಾತು ಬೈಗುಳಕ್ಕೆ ಸಲೀಸಾಗಿ ಒದಗುತ್ತದೆ, ವೈದ್ಯರ ಮುಂದೆ ಮಾತ್ರ ಬಾಯಿಗೆ ಬರುವುದಿಲ್ಲ. ನಾನೂ ಅದೇ ಜಾತಿಯವನು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ, ಹೋಗಿ ಬರಲು ಬೈಕು. ಬಲ ಪೃಷ್ಠದ ಆಳದಲ್ಲಿ ಶುರುವಾದ ನೋವನ್ನು ವೈದ್ಯರೆದುರು ‘ಸೊಂಟ ಸಾರ್’ ಎಂದೆ. ಅಂಗೈಯನ್ನೂ ಮರ್ಯಾದಸ್ಥನಂತೆ ಬೆಲ್ಟಿನ ಮೇಲೆಯೇ ಇಟ್ಟೆ. ಅವರು ಸೊಂಟಕ್ಕೇ ಚಿಕಿತ್ಸೆ ಕೊಟ್ಟರು. ಸೊಂಟದ ಪಟ್ಟಿ ಬಂತು, ಮಾತ್ರೆ ಬಂತು, ಎಂಆರ್‌ಐ ಆಯಿತು, ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂಬ ವರದಿಯೂ ಬಂತು. ನಾಲ್ಕು ತಿಂಗಳು ಹೋದವು, ನೋವು ಹೋಗಲಿಲ್ಲ.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಆ ವರದಿಯನ್ನು ಮೇಜಿನ ಅಂಚಿಗೆ ಸರಿಸಿ, “ಅಂಗೈ ಬೇಡ. ಒಂದೇ ಬೆರಳಿಟ್ಟು ತೋರಿಸಿ” ಎಂದರು. ನಾನು ನಾಚಿಕೊಂಡೇ ತೋರಿಸಿದೆ. ಬೆರಳು ಹೋದದ್ದು ಜೀನ್ಸಿನ ಹಿಂಜೇಬಿನ ಮೇಲೆ. ಜೇಬಿನಲ್ಲಿ ಪರ್ಸು ಇತ್ತು.

ಈ ಲೇಖನ ಆ ಒಂದು ಬೆರಳಿನ ಬಗ್ಗೆ, ಅದು ತೋರಿಸಿದ ಪಿರಿಫಾರ್ಮಿಸ್ ಎಂಬ ಸ್ನಾಯುವಿನ ನೋವಿನ ಬಗ್ಗೆ. ನಾನು ವೈದ್ಯನಲ್ಲ. ಈ ನೋವಿನ ಜೊತೆ ಬಾಳಿ, ತಿಳಿದವರನ್ನು ಕೇಳಿ, ಓದಿ ಅರ್ಥ ಮಾಡಿಕೊಂಡದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇದರಿಂದ ನಿಮಗೆ ಏನಾಗಿದೆ ಎಂದು ನೀವೇ ತೀರ್ಪು ಕೊಟ್ಟುಕೊಳ್ಳಲು ಆಗುವುದಿಲ್ಲ. ಆದರೆ ವೈದ್ಯರ ಹತ್ತಿರ ಸರಿಯಾದ ಮಾತನ್ನು ಒಯ್ಯಲು ಆಗುತ್ತದೆ.

ಮೊದಲು ಆ ಸ್ನಾಯುವಿನ ಪರಿಚಯ

ಬೆನ್ನೆಲುಬಿನ ಬುಡದಲ್ಲಿ ತ್ರಿಕೋನಾಕಾರದ ಒಂದು ಎಲುಬು ಇದೆ, ತ್ರಿಕಾಸ್ಥಿ ಎನ್ನುತ್ತಾರೆ. ಅದರ ಒಳಮೈಯಿಂದ ಹೊರಟು, ಪೃಷ್ಠದ ದೊಡ್ಡ ಸ್ನಾಯುವಿನ ಅಡಿಯಲ್ಲಿ ಓರೆಯಾಗಿ ಹಾದು, ತೊಡೆಯೆಲುಬಿನ ಮೇಲ್ತುದಿಗೆ ಅಂಟಿಕೊಳ್ಳುವ ಸಣ್ಣ ಸ್ನಾಯುವೇ ಪಿರಿಫಾರ್ಮಿಸ್. ಲ್ಯಾಟಿನ್ ಭಾಷೆಯಲ್ಲಿ ‘ಪೇರ್ ಹಣ್ಣಿನ ಆಕಾರದ್ದು’ ಎಂದು ಅರ್ಥ. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ. ನಮ್ಮ ಅಡುಗೆಮನೆಯಲ್ಲಿ ಹೋಲಿಕೆ ಹುಡುಕಿದರೆ ಬದನೆಕಾಯಿ ಸರಿಹೋಗುತ್ತದೆ. ನಿಂತಾಗ ತೊಡೆಯನ್ನು ಹೊರಕ್ಕೆ ತಿರುಗಿಸುವುದು, ಕುಳಿತಾಗ ತೊಡೆಯನ್ನು ಪಕ್ಕಕ್ಕೆ ಅಗಲಿಸುವುದು ಇದರ ಕೆಲಸ. ಬೈಕಿನ ಮೇಲೆ ಕಾಲು ಹಾಕುವಾಗ, ಆಟೋದಿಂದ ಪಕ್ಕಕ್ಕೆ ಇಳಿಯುವಾಗ ದುಡಿಯುವ ಸ್ನಾಯುಗಳಲ್ಲಿ ಇದೂ ಒಂದು.

ತೊಂದರೆ ಸ್ನಾಯುವಿನದಷ್ಟೇ ಅಲ್ಲ, ನೆರೆಮನೆಯದೂ ಹೌದು. ದೇಹದಲ್ಲೇ ಅತಿ ದಪ್ಪವಾದ ಸಿಯಾಟಿಕ್ ನರ ಇದರ ಅಡಿಯಿಂದಲೇ ಹೊರಬಂದು ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಹೆಚ್ಚಿನವರಲ್ಲಿ ನರ ಸ್ನಾಯುವಿನ ಕೆಳಗಿನಿಂದ ಹಾದುಹೋಗುತ್ತದೆ. ಕೆಲವರಲ್ಲಿ ನರದ ಒಂದು ಕವಲು ಸ್ನಾಯುವನ್ನೇ ಸೀಳಿಕೊಂಡು ಬರುತ್ತದೆ. ಸ್ನಾಯು ಬಿಗಿದುಕೊಂಡರೆ, ಊದಿಕೊಂಡರೆ, ಹೊರಗಿನಿಂದ ದಿನವೂ ಒತ್ತಡ ಬಿದ್ದರೆ ನರ ಕೆರಳುತ್ತದೆ. ಈ ಸ್ನಾಯುವಿಗೂ ಸಿಯಾಟಿಕಾಕ್ಕೂ, ಅಂದರೆ ಆ ನರದ ದಾರಿಯಲ್ಲಿ ಕಾಲಿಗೆ ಇಳಿಯುವ ನೋವಿಗೂ, ಸಂಬಂಧ ಇರಬಹುದು ಎಂದು 1928ರಲ್ಲಿ ಯೋಮನ್ ಎಂಬ ವೈದ್ಯರು ಬರೆದರು. ‘ಪಿರಿಫಾರ್ಮಿಸ್ ಸಿಂಡ್ರೋಮ್’ ಎಂಬ ಹೆಸರನ್ನು ಬಳಕೆಗೆ ತಂದವರು ರಾಬಿನ್ಸನ್, 1947ರಲ್ಲಿ. ಹೆಸರಿಗೆ ಇಷ್ಟು ವಯಸ್ಸಾಗಿದ್ದರೂ ಇದೇ ಎಂದು ಖಚಿತವಾಗಿ ಹೇಳುವ ಒಂದು ರಕ್ತಪರೀಕ್ಷೆಯಾಗಲಿ ಒಂದು ಚಿತ್ರವಾಗಲಿ ಈಗಲೂ ಇಲ್ಲ. ಬೇರೆಯವನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ, ಉಳಿದದ್ದನ್ನು ಹಿಡಿಯಬೇಕು. ಹಾಗಾಗಿಯೇ ರೋಗಿ ಹೇಳುವ ಮಾತಿಗೆ ಇಲ್ಲಿ ಬೆಲೆ ಹೆಚ್ಚು.

ಹೆಜ್ಜೆ ಒಂದು: ಬೆರಳು ಎಲ್ಲಿಗೆ ಹೋಗುತ್ತದೆ?

ಎರಡೂ ಕೈಗಳನ್ನು ನಡುವಿನ ಮೇಲಿಟ್ಟು ನಿಲ್ಲಿ. ಹಿಂದೆ ಹೆಬ್ಬೆರಳಿಗೆ ಎರಡು ಸಣ್ಣ ಗುಳಿಗಳು ಸಿಗುತ್ತವೆ. ಅವೆರಡರ ನಡುವೆ ಕೆಳಗಿಳಿಯುವ ಚಪ್ಪಟೆಯಾದ ಗಟ್ಟಿ ಭಾಗವೇ ತ್ರಿಕಾಸ್ಥಿ. ಈಗ ಪ್ಯಾಂಟಿನ ಪಕ್ಕದ ಜೇಬಿನ ಹತ್ತಿರ, ತೊಡೆಯ ಹೊರಮಗ್ಗುಲಲ್ಲಿ ಬೆರಳಿಟ್ಟು ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಬೆರಳಿನಡಿ ಒಂದು ಗಟ್ಟಿ ಉಬ್ಬು ಹೊರಳುತ್ತದೆ. ತ್ರಿಕಾಸ್ಥಿಯ ನಡುವಿನಿಂದ ಈ ಉಬ್ಬಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಪಿರಿಫಾರ್ಮಿಸ್ ಇರುವುದು ಸುಮಾರು ಆ ಗೆರೆಯ ಉದ್ದಕ್ಕೆ.

ಗೆರೆಯ ನಡುಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ, ಆದರೆ ಆಳಕ್ಕೆ ಒತ್ತಿ ನೋಡಿ. ಆಮೇಲೆ ನೋವಿಲ್ಲದ ಬದಿಯಲ್ಲೂ ಅಷ್ಟೇ ಬಲದಿಂದ ಒತ್ತಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು, ಏಕೆಂದರೆ ಆ ಜಾಗವನ್ನು ಬಲವಾಗಿ ಒತ್ತಿದರೆ ಆರೋಗ್ಯವಂತರಿಗೂ ನೋಯುತ್ತದೆ. ಒಂದು ಬದಿಯಲ್ಲಿ ಮಾತ್ರ ‘ಹಾ, ಇದೇ ನನ್ನ ನೋವು’ ಎಂದು ನಿಮಗೇ ಗುರುತು ಸಿಗುವಂತೆ ನೋವು ಎದ್ದರೆ, ಒತ್ತಿದಾಗ ಚಳುಕು ತೊಡೆಯ ಹಿಂದಕ್ಕೆ ಹರಿದರೆ, ಅದನ್ನು ಬರೆದಿಟ್ಟುಕೊಳ್ಳಿ.

ಬೆರಳು ಬೇರೆ ಕಡೆಗೂ ಹೋಗಬಹುದು. ಗಟ್ಟಿ ಬೆಂಚಿನ ಮೇಲೆ ಕುಳಿತಾಗ ಬೆಂಚಿಗೆ ತಾಗುವ ಎಲುಬಿನ ಮೇಲೆಯೇ ನೋವಿದ್ದರೆ ಅದು ಕುಳಿತುಕೊಳ್ಳುವ ಎಲುಬಿನ ಊತವೋ ತೊಡೆಯ ಹಿಂದಿನ ಸ್ನಾಯುವಿನ ಬುಡದ ತೊಂದರೆಯೋ ಇರಬಹುದು. ಹೆಬ್ಬೆರಳಿನ ಗುಳಿಯ ಮೇಲೆಯೇ ನೋವಿದ್ದರೆ ತ್ರಿಕಾಸ್ಥಿಯ ಕೀಲನ್ನು ನೋಡಬೇಕಾಗುತ್ತದೆ. ಬೆನ್ನೆಲುಬಿನ ಮೇಲೆಯೇ ನೋವಿದ್ದರೆ ಅದು ನಿಜವಾದ ಸೊಂಟ ನೋವು. ಬೆರಳು ತೊಡೆಸಂದಿಗೆ ಹೋದರೆ ತೊಡೆಯೆಲುಬು ಸೇರುವ ಸೊಂಟದ ಕೀಲಿನ ಮೇಲೆ ಅನುಮಾನ ಬೀಳಬೇಕು; ಕಾಲು ಮಡಚಿ ಸಾಕ್ಸ್ ಹಾಕಿಕೊಳ್ಳುವುದು ಕಷ್ಟವಾಗುತ್ತಿದ್ದರೆ ಇನ್ನೂ ಹೆಚ್ಚು.

ಹೆಜ್ಜೆ ಎರಡು: ಗಡಿಯಾರ ನೋಡಿ

ಪಿರಿಫಾರ್ಮಿಸ್ ನೋವಿನ ಮುಖ್ಯ ಲಕ್ಷಣ, ಕುಳಿತರೆ ಹೆಚ್ಚಾಗುವುದು. ಕುಳಿತ ತಕ್ಷಣ ಏನೂ ಇರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಆಳದಲ್ಲಿ ಯಾರೋ ಗೋಲಿ ಇಟ್ಟಂತೆ ಅನಿಸಲು ಶುರುವಾಗುತ್ತದೆ. ಭಾರವನ್ನು ಇನ್ನೊಂದು ಬದಿಗೆ ಸರಿಸುತ್ತೀರಿ. ಐದು ನಿಮಿಷಕ್ಕೆ ಮತ್ತೆ ಸರಿಯುತ್ತೀರಿ. ಎದ್ದಾಗ ಮೊದಲ ನಾಲ್ಕು ಹೆಜ್ಜೆ ಕುಂಟು, ಆಮೇಲೆ ನಡೆಯುತ್ತ ನಡೆಯುತ್ತ ಸಡಿಲ. ನನ್ನ ಪಾಲಿಗೆ ಇದು ಎಷ್ಟು ನಿಖರವಾಗಿತ್ತೆಂದರೆ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುವಾಗ ಸೀಟು ಸಿಕ್ಕ ದಿನವೇ ನನಗೆ ಕೆಟ್ಟ ದಿನ. ನಿಂತು ಹೋದ ದಿನ ಕಾಲು ದಣಿಯುತ್ತಿತ್ತು, ಪೃಷ್ಠ ಸುಮ್ಮನಿರುತ್ತಿತ್ತು. ಅದನ್ನೇ ನಾನು ಆಗ ಗಮನಿಸಬೇಕಿತ್ತು.

ಮೂರು ದಿನ ಒಂದು ಚೀಟಿಯಲ್ಲಿ ಬರೆಯಿರಿ: ಯಾವ ಆಸನ, ಎಷ್ಟು ನಿಮಿಷಕ್ಕೆ ನೋವು ಬಂತು, ಎದ್ದ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು. ಕುರ್ಚಿ, ಬೈಕ್, ಬಸ್ ಸೀಟು, ಚಾಪೆಯ ಮೇಲೆ ಚಕ್ಕಳಮಕ್ಕಳ, ಊಟದ ಹೊತ್ತಿನ ಪ್ಲಾಸ್ಟಿಕ್ ಸ್ಟೂಲು, ಎಲ್ಲವನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ. ಸಂಡೂರಿನ ಅದಿರು ಲಾರಿಯ ಚಾಲಕನಿಗೆ ಇದು ಕ್ಲಚ್ ತುಳಿಯುವ ಕಾಲಿನಲ್ಲೋ ಆಕ್ಸಿಲರೇಟರಿನ ಕಾಲಿನಲ್ಲೋ ಕಾಣಿಸಬಹುದು. ಕೊಪ್ಪಳದ ಕಿನ್ನಾಳದಲ್ಲಿ ನೆಲದ ಮೇಲೆ ಕುಳಿತು ಗೊಂಬೆಗೆ ಬಣ್ಣ ಹಚ್ಚುವವರಿಗೆ ಕಾಲು ಮಡಚಿದ ಬದಿಯಲ್ಲಿ ಬರಬಹುದು. ನಮ್ಮ ಘಟಕದಲ್ಲಿ ಹೊಲಿಗೆಯವರಿಗೆ ಬೆನ್ನಿಗೆ ಆಸರೆ ಇಲ್ಲದ ಸ್ಟೂಲು. ಒಂದು ಪಾದ ಸದಾ ಪೆಡಲಿನ ಮೇಲೆ, ಭಾರವೆಲ್ಲ ಇನ್ನೊಂದು ಬದಿಗೆ. ಪೀಸ್ ಲೆಕ್ಕದ ಕೂಲಿಯಾದ್ದರಿಂದ ಎದ್ದರೆ ದುಡ್ಡು ಹೋಯಿತು. ‘ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ’ ಎಂದು ಅವರಿಗೆ ಹೇಳುವುದು ಸುಲಭ, ಹೇಳುವ ನಾನು ತಿಂಗಳ ಸಂಬಳದವನು.

ಕುಳಿತಾಗ ಮಾತ್ರವಲ್ಲ, ಮೆಟ್ಟಿಲು ಹತ್ತುವಾಗ, ಕುಕ್ಕರಗಾಲಿನಿಂದ ಏಳುವಾಗ, ಓಡುವಾಗಲೂ ನೋವು ಏಳಬಹುದು. ಅಭ್ಯಾಸವಿಲ್ಲದೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದ ಮಾರನೆಯ ದಿನ ಶುರುವಾದದ್ದು, ಪೃಷ್ಠದ ಮೇಲೆ ಬಿದ್ದ ಮೇಲೆ ಶುರುವಾದದ್ದು, ಹೊಸ ವ್ಯಾಯಾಮದ ನಂತರ ಶುರುವಾದದ್ದು ಎಂಬ ವಿವರಗಳೂ ವೈದ್ಯರಿಗೆ ಬೇಕು.

ಇನ್ನು ಪರ್ಸಿನ ವಿಷಯ. ಆ ದಿನ ಫಿಸಿಯೋಥೆರಪಿಸ್ಟ್ ನನ್ನ ಪರ್ಸನ್ನು ಮೇಜಿನ ಮೇಲೆ ಇಡಿಸಿದರು. ಎರಡು ಬೆರಳು ದಪ್ಪ ಇತ್ತು. ಮನೆಗೆ ಬಂದು ಬಿಚ್ಚಿದೆ: ನಾಲ್ಕು ಕಾರ್ಡು, ಮತದಾರರ ಚೀಟಿ, ಕನಕದುರ್ಗಮ್ಮನ ಚಿತ್ರ, ಅದರ ಹಿಂದೆ ಒಣಗಿದ ಬೇವಿನೆಲೆ, ಅಕ್ಷರ ಅಳಿಸಿಹೋದ ಪೆಟ್ರೋಲ್ ರಸೀದಿಗಳ ಒಂದು ಕಟ್ಟು, ಯಾರದೋ ಮದುವೆಯ ಮುಯ್ಯಿಯ ಪಟ್ಟಿ, ಒಂದು ತಾಮ್ರದ ಗುಂಡಿ. ಜೀನ್ಸಿಗೆ ಹಾಕುವ ಗುಂಡಿ, ನಮ್ಮಲ್ಲಿನದೇ. ನೋಟು ಮಾತ್ರ ಎರಡು. ಇಷ್ಟನ್ನೂ ವರ್ಷಗಟ್ಟಲೆ ಬಲ ಪೃಷ್ಠದ ಅಡಿಗೆ ಹಾಕಿಕೊಂಡು, ನಡುವನ್ನು ಒಂದು ಕಡೆಗೆ ವಾಲಿಸಿಕೊಂಡು ಕುಳಿತಿದ್ದೆ. ಹಿಂಜೇಬಿನ ಪರ್ಸು ಆ ಜಾಗದ ನರವನ್ನು ಒತ್ತುತ್ತದೆ ಎಂಬುದು ವೈದ್ಯರಿಗೆ ಹಳೆಯ ಸಂಗತಿ. ಹಿಂಜೇಬುಗಳ ಲೆಕ್ಕವನ್ನು ಡಜನ್‌ಗಟ್ಟಲೆ ಬರೆಯುವ ನನಗೆ ಮಾತ್ರ ಹೊಸದು.

ಪರ್ಸು ಇಲ್ಲದವರಿಗೂ ಈ ನೋವು ಬರುತ್ತದೆ. ಹೆಂಗಸರಲ್ಲೇ ಹೆಚ್ಚು ಕಾಣಿಸುತ್ತದೆ ಎಂದು ವೈದ್ಯಕೀಯ ಬರಹಗಳು ಹೇಳುತ್ತವೆ. ಕೆಲವರಿಗೆ ಮಲವಿಸರ್ಜನೆಯ ಹೊತ್ತಿಗೆ, ಗಂಡ ಹೆಂಡತಿ ಕೂಡುವ ಹೊತ್ತಿಗೆ ನೋವು ಹೆಚ್ಚುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳು ಯಾರಿಗೂ ಹೇಳುವುದಿಲ್ಲ. ವೈದ್ಯರಿಗೆ ಹೇಳಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಹೆಜ್ಜೆ ಮೂರು: ನೋವು ಯಾವ ದಾರಿ ಹಿಡಿಯುತ್ತದೆ?

ನೋವು ಪೃಷ್ಠದಲ್ಲೇ ನಿಲ್ಲಬಹುದು, ತೊಡೆಯ ಹಿಂಭಾಗಕ್ಕೆ ಇಳಿಯಬಹುದು, ಕೆಲವೊಮ್ಮೆ ಮೀನಖಂಡದವರೆಗೂ ಹೋಗಬಹುದು. ಜೊತೆಗೆ ಜೋಮು, ಇರುವೆ ಹರಿದಂತಹ ಜುಮುಜುಮು, ಉರಿ. ಡಿಸ್ಕಿನಿಂದ ಬರುವ ಸಿಯಾಟಿಕಾ ಕೂಡ ಇದೇ ದಾರಿಯಲ್ಲಿ ಇಳಿಯುತ್ತದೆ, ಗೊಂದಲಕ್ಕೆ ಕಾರಣವೂ ಇದೇ. ಆದರೂ ಕೆಲವು ವ್ಯತ್ಯಾಸಗಳಿವೆ. ಡಿಸ್ಕಿನ ನೋವು ಸಾಮಾನ್ಯವಾಗಿ ಮೊಣಕಾಲು ದಾಟಿ ಪಾದ ಮುಟ್ಟುತ್ತದೆ, ಒಂದು ನಿಶ್ಚಿತ ಪಟ್ಟಿಯಲ್ಲಿ ಓಡುತ್ತದೆ: ಕಾಲಿನ ಹೊರಮಗ್ಗುಲಿನಿಂದ ಹೆಬ್ಬೆರಳಿಗೋ, ಹಿಂಭಾಗದಿಂದ ಕಿರುಬೆರಳಿಗೋ. ಸೊಂಟದ ಎಲುಬಿನಲ್ಲೂ ನೋವು ಇರುತ್ತದೆ ಅಥವಾ ಮೊದಲು ಇತ್ತು. ಮುಂದಕ್ಕೆ ಬಗ್ಗಿದರೆ, ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ಕಾಲಿಗೆ ಮಿಂಚು ಹೊಡೆದಂತಾಗುತ್ತದೆ. ನಮ್ಮೂರಿನಲ್ಲಿ ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ದಿನಕ್ಕೊಮ್ಮೆಯಾದರೂ ಸೀನು ಬಂದೇ ಬರುತ್ತದೆ. ಹಾಗಾಗಿ ಈ ಪರೀಕ್ಷೆಗೆ ಪ್ರತ್ಯೇಕ ಏರ್ಪಾಡು ಬೇಡ. ಸೀನಿದಾಗ ಕಾಲಿಗೆ ಏನಾಯಿತು ಎಂದು ಗಮನಿಸಿದರೆ ಸಾಕು.

ಎರಡೂ ಒಟ್ಟಿಗೆ ಇರಬಹುದು ಎಂಬುದನ್ನೂ ನೆನಪಿಡಿ. ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬು ಕಂಡಿತೆಂದು ನೋವಿಗೆ ಅದೇ ಕಾರಣ ಎಂದೂ ಹೇಳಲಾಗದು. ನಡುವಯಸ್ಸು ದಾಟಿದ, ಯಾವ ನೋವೂ ಇಲ್ಲದ ಎಷ್ಟೋ ಜನರ ಚಿತ್ರಗಳಲ್ಲಿ ಅಂತಹ ಉಬ್ಬು ಕಾಣುತ್ತದೆ. ನನ್ನ ವರದಿಯಲ್ಲಿದ್ದದ್ದೂ ಅಂತಹ ಉಬ್ಬೇ.

ಹೆಜ್ಜೆ ನಾಲ್ಕು: ಚಾಪೆಯ ಮೇಲೆ ಮಾಡಬಹುದಾದ ಪರೀಕ್ಷೆಗಳು

ಮನೆಯಲ್ಲಿ ಯಾರಾದರೂ ಒಬ್ಬರು ಜೊತೆಗಿರಲಿ. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಿಣಿಯರು, ಎಲುಬು ಸವೆದ ವೃದ್ಧರು ಇದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಿ.

ಮೊದಲಿಗೆ ಅಂಗಾತ ಮಲಗಿ, ಕಾಲುಗಳನ್ನು ಸಡಿಲ ಬಿಟ್ಟು, ಪಾದಗಳನ್ನು ನೋಡಲು ಹೇಳಿ. ಎರಡೂ ಪಾದಗಳು ಸ್ವಲ್ಪ ಹೊರಕ್ಕೆ ವಾಲುವುದು ಸಹಜ. ನೋವಿನ ಬದಿಯ ಪಾದ ಎದ್ದು ಕಾಣುವಷ್ಟು ಹೆಚ್ಚು ವಾಲಿದ್ದರೆ ಆ ಬದಿಯ ಸ್ನಾಯು ಬಿಗಿದಿರಬಹುದು.

ಆಮೇಲೆ ನೋವಿಲ್ಲದ ಬದಿ ಕೆಳಗಾಗುವಂತೆ ಮಗ್ಗುಲಾಗಿ ಮಲಗಿ. ಮೇಲಿನ ಕಾಲನ್ನು ಸೊಂಟದಲ್ಲಿ ಮತ್ತು ಮೊಣಕಾಲಿನಲ್ಲಿ ಮಡಚಿ, ಮೊಣಕಾಲು ಮುಂದಕ್ಕೆ ಚಾಪೆಯತ್ತ ನಿಧಾನವಾಗಿ ಇಳಿಯಲಿ. ಪಾದ ಮಾತ್ರ ಸ್ವಲ್ಪ ಮೇಲಕ್ಕೇ ಇರಲಿ. ಹೀಗೆ ಮಾಡಿದಾಗ ಪಿರಿಫಾರ್ಮಿಸ್ ಎಳೆಯಲ್ಪಟ್ಟು ನರದ ಮೇಲೆ ಒತ್ತುತ್ತದೆ. ವೈದ್ಯರು ಮಾಡುವ ಪರೀಕ್ಷೆಯ ಮನೆಯ ರೂಪ ಇದು. ಬೆರಳಿಟ್ಟು ತೋರಿಸಿದ ಅದೇ ಜಾಗದಲ್ಲಿ ನಿಮ್ಮ ಪರಿಚಿತ ನೋವು ಎದ್ದರೆ ಅನುಮಾನ ಬಲವಾಗುತ್ತದೆ. ತೊಡೆಯ ಹೊರಗೆ ಸುಮ್ಮನೆ ಎಳೆದಂತಾದರೆ ಅದಕ್ಕೆ ಅರ್ಥವಿಲ್ಲ, ಎಲ್ಲರಿಗೂ ಆಗುತ್ತದೆ.

ಕುರ್ಚಿಯ ಮೇಲೂ ನೋಡಬಹುದು. ನೋವಿನ ಕಾಲಿನ ಗಿಣ್ಣನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಬೆನ್ನು ನೆಟ್ಟಗಿಟ್ಟು ಮುಂದಕ್ಕೆ ಬಾಗಿ. ಒಂದು ಬದಿಯಲ್ಲಿ ಎದೆ ಮೊಣಕಾಲಿನ ಹತ್ತಿರ ಹೋಗುತ್ತದೆ, ಇನ್ನೊಂದು ಬದಿಯಲ್ಲಿ ಅರ್ಧದಲ್ಲೇ ತಡೆ ಬೀಳುತ್ತದೆ ಎಂದಾದರೆ ಬರೆದುಕೊಳ್ಳಿ.

ಕೊನೆಯದು ಬಹಳ ಮುಖ್ಯ. ಗೋಡೆಯ ಪಕ್ಕ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ, ಆಮೇಲೆ ಬೆರಳತುದಿಯ ಮೇಲೆ ಹತ್ತು ಹೆಜ್ಜೆ. ಕಾಲ ಹೆಬ್ಬೆರಳನ್ನು ಮೇಲಕ್ಕೆತ್ತಿ, ಜೊತೆಯವರು ಕೆಳಕ್ಕೆ ಒತ್ತಲಿ. ಎರಡೂ ಕಾಲಿನ ಬಲ ಸಮ ಇದೆಯೇ ನೋಡಲಿ. ಪಿರಿಫಾರ್ಮಿಸ್ ತೊಂದರೆಯಲ್ಲಿ ನೋವು ಎಷ್ಟಿದ್ದರೂ ಪಾದದ ಬಲ ಸಾಮಾನ್ಯವಾಗಿ ಉಳಿದಿರುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನಗೆ ಗುಣವಾದ ಮೇಲೆ ನಾನೇ ಅರ್ಧ ವೈದ್ಯನಾಗಿದ್ದೆ. ನಮ್ಮ ಕಟಿಂಗ್ ಮಾಸ್ಟರ್ ಕಾಲು ಸೆಳೆಯುತ್ತದೆ ಎಂದಾಗ, “ಮಾಸ್ಟರ್, ಮೊದಲು ಆ ಪರ್ಸು ಹೊರಗೆ ತೆಗೆಯಿರಿ” ಎಂದು ಜಂಬದಿಂದ ಹೇಳಿದೆ. ಪಾಪ, ಅವರು ನಂಬಿದರು, ಮೂರು ವಾರ ಕಾದರು. ಒಂದು ಸಂಜೆ ಬಟ್ಟೆಯ ಥಾನು ಹೊತ್ತು ನಡೆಯುವಾಗ ಅವರ ಚಪ್ಪಲಿ ಎರಡು ಸಲ ಜಾರಿತು. “ಚಪ್ಪಲಿ ಹಳೆಯದಪ್ಪ” ಎಂದರು. ಚಪ್ಪಲಿ ಹಳೆಯದಾಗಿರಲಿಲ್ಲ; ಪಾದ ಮೇಲಕ್ಕೆ ಏಳುತ್ತಿರಲಿಲ್ಲ. ಅವರದು ಡಿಸ್ಕ್ ನರವನ್ನು ಹಿಸುಕಿದ್ದ ಪ್ರಕರಣ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತೇನೋ. ಅಂದಿನಿಂದ ನಾನು ಯಾರಿಗೂ ‘ನಿನಗೆ ಇದೇ ಆಗಿದೆ’ ಎನ್ನುವುದಿಲ್ಲ.

ಹೆಜ್ಜೆ ಐದು: ಇದರ ವೇಷ ಹಾಕಿ ಬರುವವು

ಮೂವತ್ತರ ಆಸುಪಾಸಿನ ಯುವಕರು ಇದನ್ನು ಗಮನವಿಟ್ಟು ಓದಿ. ಒಂದು ವಾರ ಎಡ ಪೃಷ್ಠ, ಮುಂದಿನ ವಾರ ಬಲ ಪೃಷ್ಠ ಎಂದು ನೋವು ಬದಿ ಬದಲಿಸುತ್ತಿದ್ದರೆ, ನಸುಕಿನಲ್ಲಿ ನೋವಿಗೆ ಎಚ್ಚರವಾಗುತ್ತಿದ್ದರೆ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆನ್ನು ಮರದ ಹಲಗೆಯಂತೆ ಬಿಗಿದಿದ್ದು ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ, ವಿಶ್ರಾಂತಿ ತೆಗೆದುಕೊಂಡಷ್ಟೂ ಹೆಚ್ಚುತ್ತಿದ್ದರೆ, ಅದು ಪಿರಿಫಾರ್ಮಿಸ್ ಅಲ್ಲ, ಬೆನ್ನೆಲುಬಿನ ಉರಿಯೂತದ ಸಂಧಿವಾತ ಇರಬಹುದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬುದು ಆ ಗುಂಪಿನದೇ. ಇದನ್ನು ವರ್ಷಗಟ್ಟಲೆ ‘ವಾಯು’ ಎಂದು ತೈಲ ಹಚ್ಚಿಕೊಂಡು ಕುಳಿತರೆ ಬೆನ್ನು ಬಿಗಿದುಹೋಗುತ್ತದೆ. ಬೇಗ ಹಿಡಿದರೆ ಒಳ್ಳೆಯ ಔಷಧಿಗಳಿವೆ.

ಇನ್ನೊಂದು ನಮ್ಮ ಹಳ್ಳಿಗಳ ಕತೆ. ಜ್ವರ ಎಂದರೆ ಸೂಜಿ, ಸುಸ್ತು ಎಂದರೆ ಸೂಜಿ. ‘ಸೂಜಿ ಹಾಕದ ಡಾಕ್ಟರು ಎಂಥ ಡಾಕ್ಟರು’ ಎನ್ನುವ ಜನ ನಾವು. ಪೃಷ್ಠಕ್ಕೆ ಸೂಜಿ ಹಾಕುವುದಾದರೆ ಮೇಲಿನ ಹೊರಮೂಲೆಗೆ ಹಾಕಬೇಕು, ಸಿಯಾಟಿಕ್ ನರದಿಂದ ದೂರ. ತರಬೇತಿ ಇಲ್ಲದ ಕೈ ಕೆಳಕ್ಕೋ ಒಳಕ್ಕೋ ಚುಚ್ಚಿದರೆ ನರಕ್ಕೇ ಪೆಟ್ಟು. ಸೂಜಿ ಹಾಕಿದ ಗಳಿಗೆಯಲ್ಲೇ ಕಾಲಿಗೆ ಮಿಂಚು ಹೊಡೆದು, ಆಮೇಲೆ ಜೋಮು ಉಳಿದುಕೊಂಡಿದ್ದರೆ, ಪಾದ ಸೋತಿದ್ದರೆ, ಸೂಜಿಯ ದಿನಾಂಕ ಸಮೇತ ದೊಡ್ಡ ಆಸ್ಪತ್ರೆಗೆ ಹೋಗಿ. ಮಕ್ಕಳಲ್ಲಿ ಇದು ಕುಂಟುವುದರಿಂದ ಗೊತ್ತಾಗುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಒಂದು ಬದಿಯಲ್ಲಿ ಉರಿಯುವ ನೋವು ಬಂದು ಕೆಲವು ದಿನಗಳಲ್ಲಿ ನೀರುಗುಳ್ಳೆ ಎದ್ದರೆ ಸರ್ಪಸುತ್ತು. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತಿದ್ದರೆ, ಅದರಲ್ಲೂ ಬೀಡಿ ಸೇದುವವರಲ್ಲಿ, ರಕ್ತನಾಳದ ತೊಂದರೆ ಇರಬಹುದು. ನಡೆದರೆ ಎರಡೂ ಕಾಲು ಸೋತು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಾಯೆನಿಸಿದರೆ ಬೆನ್ನೆಲುಬಿನ ನಾಳ ಕಿರಿದಾಗಿರಬಹುದು. ಅಂಗಾಲು ಎರಡೂ ಉರಿಯುತ್ತಿದ್ದರೆ ಸಕ್ಕರೆ ಕಾಯಿಲೆ ಪರೀಕ್ಷಿಸಿ. ಒಂದು ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು; ತಿಕ್ಕಬೇಡಿ, ಅಂದೇ ತೋರಿಸಿ.

ಹೆಜ್ಜೆ ಆರು: ಇವು ಕಂಡರೆ ಕಾಯಬೇಡಿ

ತೊಡೆಗಳ ಒಳಭಾಗ, ಜನನಾಂಗ, ಗುದದ ಸುತ್ತ ಮರಗಟ್ಟುವುದು. ಅಂದರೆ ಸೈಕಲ್ ಸೀಟು ತಾಗುವ ಜಾಗವೆಲ್ಲ. ಮೂತ್ರ ಕಟ್ಟುವುದು, ಅಥವಾ ಅರಿವಿಲ್ಲದೆ ಮೂತ್ರ, ಮಲ ಹೋಗುವುದು. ಎರಡೂ ಕಾಲಿಗೆ ಒಮ್ಮೆಲೆ ನೋವು, ನಿಶ್ಶಕ್ತಿ. ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೇ ಆಗಲಿ 108ಕ್ಕೆ ಕರೆ ಮಾಡಿ. ಬೆನ್ನೆಲುಬಿನ ಬುಡದ ನರಗಳ ಗೊಂಚಲು ಹಿಸುಕಿಹೋದರೆ ಹೀಗಾಗುತ್ತದೆ. ಆಗ ಲೆಕ್ಕ ಗಂಟೆಗಳದ್ದು, ವಾರಗಳದ್ದಲ್ಲ.

ಪಾದ ಸೋಲುವುದು, ದಿನದಿನಕ್ಕೆ ಹೆಚ್ಚುವ ನಿಶ್ಶಕ್ತಿ ಇದ್ದರೆ ಮರುದಿನವೇ ಹೋಗಿ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಜೊತೆಗೂಡಿದ ಬೆನ್ನು ಅಥವಾ ಪೃಷ್ಠದ ನೋವಿನಲ್ಲಿ ಬೆನ್ನೆಲುಬಿನ ಕ್ಷಯವನ್ನು ಮರೆಯಬಾರದು. ಹಿಂದೆ ಕ್ಯಾನ್ಸರ್ ಆಗಿದ್ದವರು, ಎತ್ತರದಿಂದ ಬಿದ್ದವರು, ಬಹುಕಾಲ ಸ್ಟೀರಾಯ್ಡ್ ನುಂಗಿದವರು ಮನೆಯ ಪರೀಕ್ಷೆಗಳಿಗೆ ಕೈ ಹಾಕಬಾರದು.

ಹೆಜ್ಜೆ ಏಳು: ಎರಡು ವಾರದ ಪ್ರಯೋಗ

ಅಪಾಯದ ಚಿಹ್ನೆ ಯಾವುದೂ ಇಲ್ಲ, ಬೆರಳು ಹಿಂಜೇಬಿನ ಜಾಗಕ್ಕೇ ಹೋಗುತ್ತದೆ, ಕುಳಿತರೆ ಹೆಚ್ಚುತ್ತದೆ ಎಂದಾದರೆ ಎರಡು ವಾರ ಕಾರಣವನ್ನು ತೆಗೆದು ನೋಡಿ. ಪರ್ಸು, ಮೊಬೈಲ್, ಬೀಗದ ಗೊಂಚಲು ಹಿಂಜೇಬಿನಿಂದ ಹೊರಗೆ. ಕಾಲ ಮೇಲೆ ಕಾಲು ಹಾಕುವುದು ಬೇಡ. ಮೊಬೈಲಿನಲ್ಲಿ ಅಲಾರಂ ಇಟ್ಟು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ. ಪೀಸ್ ಕೆಲಸದವರು ಕಟ್ಟು ಬದಲಿಸುವಾಗ, ನೂಲು ತರಲು ಹೋಗುವಾಗ ಎರಡು ಸುತ್ತು ಹೆಚ್ಚು ಹಾಕಬಹುದು. ಗಟ್ಟಿ ಸ್ಟೂಲಿನ ಮೇಲೆ ಮಡಚಿದ ಕಂಬಳಿ ಹಾಕಿ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ.

ಅಂಗಾತ ಮಲಗಿ, ನೋವಿನ ಕಾಲಿನ ಗಿಣ್ಣನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಕೆಳಗಿನ ತೊಡೆಯನ್ನು ಎರಡೂ ಕೈಯಿಂದ ಎದೆಯತ್ತ ಎಳೆದುಕೊಳ್ಳಿ. ಇಪ್ಪತ್ತರಿಂದ ಮೂವತ್ತು ಸೆಕೆಂಡು, ಮೂರು ಸಲ, ಬೆಳಿಗ್ಗೆ ಸಂಜೆ. ಹಿತವಾಗಿ ಎಳೆಯಬೇಕು. ಚಳುಕು ಕಾಲಿಗೆ ಇಳಿದರೆ ಕೈ ಬಿಡಿ. ಬಿಸಿನೀರಿನ ಚೀಲ ಹದಿನೈದು ನಿಮಿಷ ಇಡಬಹುದು. ಚರ್ಮಕ್ಕೆ ಸ್ಪರ್ಶ ತಿಳಿಯದ ಸಕ್ಕರೆ ಕಾಯಿಲೆಯವರು ಬೇಡ, ಸುಟ್ಟದ್ದು ಗೊತ್ತಾಗುವುದಿಲ್ಲ.

ಮಾಡಬಾರದ್ದೂ ಇದೆ. ಮೊಮ್ಮಗನನ್ನು ಹತ್ತಿಸಿ ತುಳಿಸಿಕೊಳ್ಳುವುದು, ‘ನರ ಬಿಡಿಸುತ್ತೇನೆ’ ಎನ್ನುವವರ ಮೊಣಕೈಗೆ ಮೈ ಒಪ್ಪಿಸುವುದು ಬೇಡ. ನನ್ನ ಅವ್ವ ಅಂಥ ಒಬ್ಬರನ್ನು ಮನೆಗೇ ಕರೆಸಿದ್ದಳು. ಅವರು ಒತ್ತಿದ ಮೇಲೆ ಎರಡು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. “ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ” ಎಂದು ಇಬ್ಬರೂ ಸಮಾಧಾನ ಹೇಳಿದರು. ಔಷಧಿ ಅಂಗಡಿಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಕೊಡುವ ಬಣ್ಣದ ಮಾತ್ರೆಗಳನ್ನೂ ನುಂಗಬೇಡಿ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಹೆಜ್ಜೆ ಎಂಟು: ವೈದ್ಯರ ಮುಂದೆ

ಎರಡು ವಾರದಲ್ಲಿ ಇಳಿಯದಿದ್ದರೆ ಮೂಳೆ ತಜ್ಞರ ಬಳಿಗೋ ಫಿಸಿಯೋಥೆರಪಿಗೋ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಸಾಲು ಉದ್ದ, ನಿಮಗೆ ಸಿಗುವ ಹೊತ್ತು ಕಡಿಮೆ. ಹಾಗಾಗಿ ಮಾತನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ. ನಾನು ಈಗ ಹೋಗುವುದಾದರೆ ಹೀಗೆ ಹೇಳುತ್ತೇನೆ: “ಸಾರ್, ನೋವು ಸೊಂಟದಲ್ಲಲ್ಲ, ಬಲ ಕುಂಡಿಯಲ್ಲಿ, ಇಲ್ಲಿ. ಆರು ವಾರದಿಂದ ಇದೆ. ಇಪ್ಪತ್ತು ನಿಮಿಷ ಕುಳಿತರೆ ಶುರುವಾಗುತ್ತದೆ, ನಡೆದರೆ ಕಡಿಮೆ. ತೊಡೆಯ ಹಿಂದೆ ಮೊಣಕಾಲಿನವರೆಗೆ ಜೋಮು. ಕೆಮ್ಮಿದರೆ ಏನೂ ಆಗುವುದಿಲ್ಲ. ಹಿಮ್ಮಡಿಯ ಮೇಲೆ ನಡೆಯಬಲ್ಲೆ. ಮೂತ್ರಕ್ಕೆ ತೊಂದರೆ ಇಲ್ಲ.” ಅರ್ಧ ನಿಮಿಷದ ಮಾತು. ಸಕ್ಕರೆ ಕಾಯಿಲೆ, ನುಂಗುತ್ತಿರುವ ಮಾತ್ರೆ, ಹಾಕಿಸಿಕೊಂಡ ಸೂಜಿಗಳ ವಿವರ ಚೀಟಿಯಲ್ಲಿರಲಿ. ಹಳೆಯ ಎಂಆರ್‌ಐ ಇದ್ದರೆ ಒಯ್ಯಿರಿ, ಆದರೆ ಮೊದಲು ಅದನ್ನು ಚಾಚಬೇಡಿ. ಮೊದಲು ಬೆರಳು.

ವೈದ್ಯರು ಕಾಲೆತ್ತಿಸಿ, ತಿರುಗಿಸಿ, ಒತ್ತಿ ನೋಡುತ್ತಾರೆ. ಬೇರೆ ಕಾರಣ ತಳ್ಳಿಹಾಕಲು ಎಕ್ಸ್‌ರೇ, ಎಂಆರ್‌ಐ ಬರೆಯಬಹುದು. ಹೆಚ್ಚಿನವರಿಗೆ ವ್ಯಾಯಾಮ, ಕುಳಿತುಕೊಳ್ಳುವ ರೀತಿಯ ಬದಲಾವಣೆ, ಕೆಲವು ದಿನದ ಮಾತ್ರೆಗಳಲ್ಲೇ ಕಡಿಮೆಯಾಗುತ್ತದೆ. ಹಾಗೂ ಬಗ್ಗದಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ಆ ಸ್ನಾಯುವಿಗೇ ಮರಗಟ್ಟಿಸುವ ಔಷಧಿಯ ಸೂಜಿ ಹಾಕುತ್ತಾರೆ. ಅದರಿಂದ ನೋವು ತಟ್ಟನೆ ಇಳಿದರೆ ರೋಗ ಗುರುತಿಸಿದ್ದು ಸರಿ ಎಂಬುದಕ್ಕೂ ಬಲ ಬರುತ್ತದೆ. ಶಸ್ತ್ರಚಿಕಿತ್ಸೆ ತೀರಾ ಅಪರೂಪ.

ನನಗೆ ಸೂಜಿಯ ತನಕ ಹೋಗಬೇಕಾಗಲಿಲ್ಲ. ಏಳು ವಾರ ಹಿಡಿಯಿತು. ಮೂರನೆಯ ವಾರ ಚೆನ್ನಾಗಿದೆ ಎಂದುಕೊಂಡು ರಾಯಚೂರಿಗೆ ಬೈಕಿನಲ್ಲೇ ಹೋಗಿ ಬಂದು ಮತ್ತೆ ಮೊದಲಿನ ಜಾಗಕ್ಕೆ ಬಂದಿದ್ದೆ. ನೀವು ಆ ಮೂರನೆಯ ವಾರ ಬಸ್ಸು ಹಿಡಿಯಿರಿ, ನಡುವೆ ಒಂದೆರಡು ಊರಿನಲ್ಲಿ ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.